ಬೀಜ ಎಲ್ಲಿ ಬೀಳಬೇಕು?

ರಾಯಚೂರು ಕೋಟೆಯ ಪಡುವಣ ಗೋಡೆಯಲ್ಲಿ ಒಂದು ಕಲ್ಲಿದೆ. ಉದ್ದ 41 ಅಡಿಗೂ ಹೆಚ್ಚು. ಕಾಕತೀಯರ ಕಾಲದ, 1294ರ ಶಾಸನ ಅದರ ಮೇಲಿದೆ. ಹಳೆಯ ಲಿಪಿ ಓದುವ ವಿದ್ಯೆ ನನಗಿಲ್ಲ. ನಾನು ಮತ್ತೆ ಮತ್ತೆ ಅಲ್ಲಿಗೆ ಹೋಗುವುದು ಕಲ್ಲಿನಲ್ಲಿ ಕೊರೆದ ಚಿತ್ರಕ್ಕಾಗಿ. ಅದೇ ಉದ್ದನೆಯ ಕಲ್ಲನ್ನು ಗಾಡಿಗೆ ಹೇರಿ, ಕೋಣಗಳ ಸಾಲು ಕಟ್ಟಿ, ಜನ ಹುರಿದುಂಬಿಸುತ್ತ ಎಳೆದು ತರುತ್ತಿರುವ ಚಿತ್ರ ಅದು.

ಈ ಕಲ್ಲಿನ ಮುಂದೆ ನಿಂತವರೆಲ್ಲ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಇಷ್ಟು ದೊಡ್ಡದನ್ನು ಹೆಂಗ ತಂದ್ರು? ಏಳುನೂರು ವರ್ಷಗಳ ಹಿಂದೆ ಉಳಿ ಹಿಡಿದು ಕೂತಿದ್ದವನಿಗೆ ಅದು ಮೊದಲೇ ಹೊಳೆದಿತ್ತು. ಅವನು ಉತ್ತರವನ್ನು ಬೇರೆ ಫಲಕದಲ್ಲಿ ಬರೆಯಲಿಲ್ಲ, ಆ ಕಲ್ಲಿನ ಮೈಮೇಲೇ ಬಿಡಿಸಿಬಿಟ್ಟ. ಅಕ್ಷರ ಬಾರದವರಿಗೂ ತಿಳಿಯುವ ಹಾಗೆ. ಕಾರ್ಖಾನೆಯ ವಸ್ತುಗಳನ್ನೂ ಪ್ರದರ್ಶನಗಳನ್ನೂ ವಿನ್ಯಾಸ ಮಾಡುತ್ತ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದೇನೆ. ಇದಕ್ಕಿಂತ ಚೆನ್ನಾದ ಪ್ರದರ್ಶನವನ್ನು ನಾನು ಎಲ್ಲಿಯೂ ಕಂಡಿಲ್ಲ. ಇಷ್ಟು ಹತ್ತಿರದಲ್ಲಿದ್ದುದನ್ನು ನೋಡಲು ನನಗೆ ಇಷ್ಟು ವರ್ಷ ಬೇಕಾಯಿತು ಎನ್ನುವುದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ನಮ್ಮದು ಕೊಪ್ಪಳ ಸೀಮೆಯ ಒಂದು ಹಳ್ಳಿ. ಅಪ್ಪ ಬಡಿಗತನ ಮಾಡುತ್ತಿದ್ದ. ಮನೆಯ ಮುಂದಿನ ಬೇವಿನ ನೆರಳೇ ಅವನ ಕೆಲಸದ ಜಾಗ. ಬಾಚಿ, ಉಳಿ, ಕೊಡತಿ, ಗರಗಸ, ಸುತ್ತಲೂ ಜಾಲಿಯ ಚಕ್ಕೆ. ಊರಿನ ರೈತರು ವರ್ಷವಿಡೀ ನೇಗಿಲು, ಕುಂಟೆ, ನೊಗ ತಂದು ದುರಸ್ತಿ ಮಾಡಿಸಿಕೊಂಡು ಹೋಗುತ್ತಿದ್ದರು. ಸುಗ್ಗಿಗೆ ಕಣದಲ್ಲಿ ಆಯದ ಜೋಳ ಅಳೆದು ಕೊಡುತ್ತಿದ್ದರು. ಆಗ ನನಗೆ ಇದು ಬಡತನದ ಲೆಕ್ಕ ಎಂದಷ್ಟೇ ಕಾಣುತ್ತಿತ್ತು. ಈಗ ಬೇರೊಂದು ಅರ್ಥವೂ ಕಾಣುತ್ತದೆ. ತಾನು ಮಾಡಿಕೊಟ್ಟ ವಸ್ತು ಹೊಲದಲ್ಲಿ ಹೇಗೆ ನಡೆಯಿತು ಎಂಬುದನ್ನು ಅಪ್ಪ ಪ್ರತಿವರ್ಷ ಕಣ್ಣಾರೆ ಕಾಣುತ್ತಿದ್ದ. ಬೆಳೆ ಬಂದರೆ ಅವನಿಗೂ ಜೋಳ, ಸಾಲು ತಪ್ಪಿದರೆ ಅವನಿಗೂ ಮಾತು. ನಾನು ಕೆಲಸಕ್ಕೆ ಸೇರಿದ ಕಾರ್ಖಾನೆಯಲ್ಲಿ ವಸ್ತು ಗೇಟು ದಾಟಿದ ಮೇಲೆ ಯಾರ ಕೈಗೆ ಹೋಯಿತು ಎಂದು ಕೇಳುವವರೇ ಇರಲಿಲ್ಲ.

ಅಪ್ಪ ಮಾಡುತ್ತಿದ್ದುದರಲ್ಲಿ ನನಗೆ ಬಹಳ ಸೇರುತ್ತಿದ್ದುದು ಕೂರಿಗೆ. ನೋಡದವರಿಗಾಗಿ ಹೇಳುತ್ತೇನೆ, ಸಾಲಾಗಿ ಬೀಜ ಬಿತ್ತುವ ಸಲಕರಣೆ ಅದು. ಮೇಲೆ ಒಂದು ಕಟ್ಟಿಗೆಯ ಬಟ್ಟಲು. ಅದರ ತಳದಲ್ಲಿ ಮೂರೋ ನಾಲ್ಕೋ ತೂತು. ಒಂದೊಂದು ತೂತಿನಿಂದ ಒಂದೊಂದು ಬಿದಿರಿನ ಕೊಳವೆ ಇಳಿದು ಒಂದೊಂದು ತಾಳಿನ ಹಿಂದೆ ನೆಲ ಸೇರುತ್ತದೆ. ಎತ್ತು ಮುಂದೆ ನಡೆದಂತೆ ತಾಳು ಮಣ್ಣು ಸೀಳುತ್ತದೆ, ಹಿಂದೆ ನಡೆಯುವ ಹೆಣ್ಣುಮಗಳು ಮುಷ್ಟಿಯಿಂದ ಬಟ್ಟಲಿಗೆ ಬೀಜ ಬಿಡುತ್ತ ಹೋಗುತ್ತಾಳೆ. ಅವಳ ಒಂದು ಮುಷ್ಟಿ ಮೂರು ಸಾಲಿಗೂ ಸಮನಾಗಿ ಹಂಚಿಹೋಗಬೇಕು. ಬಟ್ಟಲಿನ ನಡುವಿನ ಉಬ್ಬು, ತೂತಿನ ಅಂಚಿನ ಇಳಿಜಾರು, ಕೊಳವೆಯ ಒಳಮೈ ನುಣುಪು, ಎಲ್ಲ ಇರುವುದು ಆ ಸಮಪಾಲಿಗಾಗಿ. ತಾಳು ತಾಳಿನ ನಡುವಿನ ಅಂತರಕ್ಕೆ ಇನ್ನೊಂದು ಲೆಕ್ಕವಿದೆ. ಮುಂದೆ ಬೆಳೆಯ ನಡುವೆ ಕಳೆ ತೆಗೆಯಲು ಹಾಯಿಸುವ ಎಡೆಕುಂಟೆ ಆ ಸಾಲಿನಲ್ಲಿ ಸಲೀಸಾಗಿ ಹೋಗಬೇಕು. ಅಂದರೆ ಬಿತ್ತುವ ದಿನವೇ ಎಡೆ ಹೊಡೆಯುವ ದಿನದ ಅಳತೆ ನಿಗದಿಯಾಗಿರುತ್ತದೆ. ಒಂದು ವಸ್ತುವನ್ನಲ್ಲ, ವಸ್ತುಗಳ ಒಂದು ಕುಟುಂಬವನ್ನೇ ಒಟ್ಟಿಗೆ ಯೋಚಿಸುವುದು ಹೇಗೆ ಎಂದು ಮುಂದೆ ತರಗತಿಯಲ್ಲಿ ಪಾಠ ಕೇಳಿದಾಗ ನನಗೆ ನೆನಪಾದದ್ದು ಬೇವಿನ ಕೆಳಗೆ ಕೂತು ಗೇಣು ಹಾಕಿ ಗುರುತು ಮಾಡುತ್ತಿದ್ದ ಅಪ್ಪ.

ಆ ತರಗತಿ ಅಹಮದಾಬಾದಿನದು. ಅಲ್ಲಿಯ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು 1961ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1958ರಲ್ಲಿ, ಭಾರತ ಸರ್ಕಾರದ ಕರೆಯ ಮೇಲೆ ಬಂದಿದ್ದ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ದೇಶ ಸುತ್ತಿ ಒಂದು ವರದಿ ಬರೆದುಕೊಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗೆ ಪ್ಲೈವುಡ್ ಬಗ್ಗಿಸಿ ಗಾಯಾಳುಗಳ ಕಾಲಿಗೆ ಕಟ್ಟುವ ಆಸರೆ ಮಾಡಿದವರು ಅವರು. ಆ ಕೌಶಲವನ್ನೇ ಮುಂದೆ ಕುರ್ಚಿಗಳಿಗೆ ತಂದರು. ಅವರ ಭಾರತ ವರದಿಯಲ್ಲಿ ಎಲ್ಲರಿಗೂ ನೆನಪಿರುವ ಭಾಗ ನಮ್ಮ ತಂಬಿಗೆಯ ಕುರಿತದ್ದು. ಎಷ್ಟು ನೀರು ಹಿಡಿಯಬೇಕು, ಹೊರುವವಳ ಕೈ ಎಷ್ಟು ದೊಡ್ಡದು, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಖಾಲಿಯಾದಾಗ ಎಲ್ಲಿ, ಬಗ್ಗಿಸಿದರೆ ನೀರು ಹೇಗೆ ಬೀಳುತ್ತದೆ, ಇನ್ನೊಂದು ಪಾತ್ರೆಗೆ ತಾಕಿದರೆ ಎಂಥ ಸದ್ದು, ಬೆಲೆಯೆಷ್ಟು ಎಂದು ಪ್ರಶ್ನೆಗಳ ಸಾಲನ್ನೇ ಕಟ್ಟುತ್ತಾರೆ. ಯಾವನೋ ಒಬ್ಬ ಇದನ್ನು ವಿನ್ಯಾಸ ಮಾಡಿರಲಾರ, ತಲೆಮಾರುಗಳು ಮಾಡಿವೆ ಎನ್ನುತ್ತಾರೆ.

ಹಾಸ್ಟೆಲ್ಲಿನ ಕೋಣೆಯಲ್ಲಿ ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಮನೆಯ ಜಗಲಿಯ ಮೇಲಿದ್ದ ತಂಬಿಗೆಯ ಬಗ್ಗೆ ಯಾರೋ ದೂರದವರು ಇಷ್ಟು ಮರ್ಯಾದೆಯಿಂದ ಮಾತಾಡಿದ್ದರು. ಅದೇ ಪ್ರಶ್ನೆಗಳನ್ನು ಕೂರಿಗೆಗೆ ಕೇಳುತ್ತ ಬೆಳಗಿನವರೆಗೆ ನೋಟ್‌ಬುಕ್ಕಿನ ಹಾಳೆ ತುಂಬಿಸಿದೆ.

ಒಂದು ಮಾತಿನಲ್ಲಿ ಮಾತ್ರ ನನಗೂ ಆ ವರದಿಗೂ ಹೊಂದಿಕೆಯಾಗಲಿಲ್ಲ, ಇಂದಿಗೂ ಆಗಿಲ್ಲ. ತಲೆಮಾರುಗಳು ಮಾಡಿದವು ಎನ್ನುವುದು ದೊಡ್ಡ ಮಾತು, ಆದರೆ ಆ ಮಾತಿನಲ್ಲಿ ಅಪ್ಪ ಕರಗಿಹೋಗುತ್ತಾನೆ. ಕಪ್ಪು ಮಣ್ಣಿನ ಎರಿ ಹೊಲದವನಿಗೂ ಕೆಂಪು ಮಣ್ಣಿನ ಮಸಾರಿ ಹೊಲದವನಿಗೂ ಅವನು ಒಂದೇ ಕೂರಿಗೆ ಮಾಡಿಕೊಡುತ್ತಿರಲಿಲ್ಲ. ಒಬ್ಬ ರೈತನ ಎತ್ತಿನ ಜೋಡಿ ಗಿಡ್ಡ ಎಂದು ತಾಳಿನ ಓರೆ ಬದಲಿಸಿದ್ದು ನನಗೆ ನೆನಪಿದೆ. ಸಂಪ್ರದಾಯ ತನ್ನಷ್ಟಕ್ಕೆ ತಾನೇ ಯೋಚಿಸುವುದಿಲ್ಲ. ಪ್ರತಿಸಲವೂ ಯಾರೋ ಒಬ್ಬರು ಬಾಚಿ ಕೆಳಗಿಟ್ಟು, ತಲೆ ಕೆರೆದುಕೊಂಡು ಯೋಚಿಸಿರುತ್ತಾರೆ. ನಮ್ಮ ಸಂಗ್ರಹಾಲಯಗಳಲ್ಲಿ ಚಿತ್ರಪಟದ ಕೆಳಗೆ ಕಲಾವಿದನ ಹೆಸರಿರುತ್ತದೆ, ಒರಳಿನ ಕೆಳಗೆ 'ಗ್ರಾಮೀಣ ಬಳಕೆಯ ವಸ್ತು' ಎಂದಿರುತ್ತದೆ. ಮಾಡಿದವರು ಯಾರೆಂದು ಗೊತ್ತಿದ್ದರೆ ಬರೆಯಲೇಬೇಕು. ಇದಕ್ಕಾಗಿ ನಾನು ಸಾಕಷ್ಟು ಜಗಳ ಆಡಿದ್ದೇನೆ, ಕೆಲವು ಕೆಲಸ ಕಳೆದುಕೊಂಡೂ ಇದ್ದೇನೆ.

ಮೊದಲ ಆರು ವರ್ಷ ಕಾರ್ಖಾನೆಯ ಕೆಲಸ. ಮಿಕ್ಸರ್ ಹಿಡಿಕೆ, ಫ್ಯಾನಿನ ರೆಗ್ಯುಲೇಟರ್, ನೀರಿನ ಫಿಲ್ಟರ್. ಅವುಗಳಲ್ಲಿ ನೆನಪಿಡುವಂಥದ್ದು ಒಂದೇ, ಔಷಧಿ ಹೊಡೆಯಲು ಬೆನ್ನಿಗೆ ಕಟ್ಟುವ ಪಂಪು. 16 ಲೀಟರ್ ಹಿಡಿಯುವ ಟ್ಯಾಂಕ್ ತುಂಬಿದರೆ ನೀರೇ 16 ಕಿಲೋ. ಡಬ್ಬಿಯ ಬಣ್ಣ ಬದಲಿಸಿ ಕೊಡಿ ಎಂದು ನನ್ನನ್ನು ಕೇಳಿದ್ದರು. ನಾನು ಮಾನ್ವಿ, ಸಿಂಧನೂರು ಕಡೆಯ ಭತ್ತದ ಗದ್ದೆಗಳಲ್ಲಿ ನಾಲ್ಕು ದಿನ ಅದನ್ನು ಹೊತ್ತು ನಡೆದೆ. ಹೆಗಲ ಪಟ್ಟಿ ಕಿರಿದು, ಹುಲಿಯ ಉಗುರಿನ ಹಾಗೆ ಕೊರೆಯುತ್ತಿತ್ತು. ಪಟ್ಟಿ ಅಗಲ ಮಾಡಿ, ತೂಕ ಬೆನ್ನಿಗೆ ಒತ್ತಿ ಕೂರುವಂತೆ ತಳ ತಿದ್ದಿ ಮಾದರಿ ಮಾಡಿಕೊಟ್ಟೆ. ಬಣ್ಣ ಮಾತ್ರ ಬದಲಾಯಿತು, ಪಟ್ಟಿ ಹಾಗೇ ಉಳಿಯಿತು. ಖರ್ಚು ಒಂದಿಷ್ಟು ಹೆಚ್ಚಾಗುತ್ತದೆ ಎಂದರು. ಆ ಕೆಲಸ ಬಿಟ್ಟದ್ದು ಅದೇ ವರ್ಷ.

ಪ್ರದರ್ಶನದ ಕೆಲಸಕ್ಕೆ ಬಂದದ್ದು ಹೀಗೆ. ವಸ್ತುವನ್ನು ತಿದ್ದಲು ಬಿಡದಿದ್ದರೆ ವಸ್ತುವಿನ ಕಡೆ ಜನರ ಕಣ್ಣಾದರೂ ತಿರುಗಿಸೋಣ ಎಂಬ ಹಟ. ನಮ್ಮ ದೇಶದಲ್ಲಿ ಈ ವಿದ್ಯೆಗೆ ಒಳ್ಳೆಯ ಹಿರಿಯರಿದ್ದಾರೆ. 1965ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ನೆಹರೂ ಕುರಿತ ಪ್ರದರ್ಶನವನ್ನು ಈಮ್ಸ್ ದಂಪತಿ ಅಹಮದಾಬಾದಿನ ಸಂಸ್ಥೆಯವರ ಜೊತೆ ಕೂಡಿ ಕಟ್ಟಿದರು. ಅದರಲ್ಲಿ ಕೆಲಸ ಮಾಡಿದ ದಶರಥ ಪಟೇಲ್ ಮುಂದೆ ಮಾಂಟ್ರಿಯಲ್ (1967) ಮತ್ತು ಒಸಾಕಾ (1970) ಜಾಗತಿಕ ಮೇಳಗಳಲ್ಲಿ ಭಾರತದ ಮಂಟಪಗಳಿಗೆ ರೂಪ ಕೊಟ್ಟರು. ಚಿತ್ರಕಾರ, ಕುಂಬಾರ, ಛಾಯಾಗ್ರಾಹಕ, ಎಲ್ಲವೂ ಅವರೊಬ್ಬರೇ ಆಗಿದ್ದರು. ವಿನ್ಯಾಸಕಾರನೆಂದರೆ ಅತಿಥಿಗಳಿಗೆ ಏನು ಬೇಕೆಂದು ಮುಂಚೆಯೇ ಯೋಚಿಸಿಡುವ ಮನೆಯ ಯಜಮಾನನಿದ್ದ ಹಾಗೆ ಎಂದು ಚಾರ್ಲ್ಸ್ ಈಮ್ಸ್ ಹೇಳುತ್ತಿದ್ದರು. ಕೊಪ್ಪಳದವಳಾದ ನನಗೆ ಈ ಮಾತು ಅರ್ಥವಾಗಲು ಗವಿಮಠದ ಜಾತ್ರೆ ಸಾಕು. ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಗಾಡಿಗಟ್ಟಲೆ ಬರುತ್ತವೆ, ಲಕ್ಷಾಂತರ ಜನ ಉಂಡು ಹೋಗುತ್ತಾರೆ. ದಾಸೋಹದ ಜಾಗದಲ್ಲಿ ಒಂದು ತಾಸು ನಿಂತು ನೋಡಿ. ಯಾರು ಎಲ್ಲಿಂದ ಒಳಗೆ ಬರಬೇಕು, ಎಲ್ಲಿ ಕೈ ತೊಳೆಯಬೇಕು, ಮುದುಕಿಯೊಬ್ಬಳು ಎಲ್ಲಿ ಕೂರಬೇಕು, ಎಲ್ಲದಕ್ಕೂ ಒಂದು ದಾರಿ ಇರುತ್ತದೆ. ಹಸಿದವನನ್ನು ಯಾರೂ ಫಲಕ ಓದಲು ನಿಲ್ಲಿಸುವುದಿಲ್ಲ.

ಇಷ್ಟೆಲ್ಲ ತಿಳಿದೂ ನಾನು ತಪ್ಪು ಮಾಡಿದೆ. ದೊಡ್ಡ ಊರೊಂದರಲ್ಲಿ ಒಕ್ಕಲುತನದ ಸಲಕರಣೆಗಳ ಪ್ರದರ್ಶನ. ಆ ಹೊತ್ತಿಗೆ ಅಪ್ಪ ಇರಲಿಲ್ಲ. ಅವನು ಮಾಡಿದ ಕೊನೆಯ ಕೂರಿಗೆಯನ್ನು ಊರಿನಿಂದ ತರಿಸಿ, ಎಣ್ಣೆ ಹಚ್ಚಿ ಒರೆಸಿ, ಬಿಳಿ ಗೋಡೆಯ ಮೇಲೆ ತೂಗುಹಾಕಿದೆ. ಮೇಲಿನಿಂದ ಒಂದೇ ಒಂದು ದೀಪ. ಮೂರು ತಾಳಿನ ನೆರಳು ಗೋಡೆಯ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಬೀಳುತ್ತಿತ್ತು. ಕೆಳಗೆ ಅಪ್ಪನ ಹೆಸರು. ಬಂದವರೆಲ್ಲ ಫೋಟೊ ತೆಗೆದುಕೊಂಡರು, ಪತ್ರಿಕೆಯಲ್ಲೂ ಬಂತು. ಅವ್ವನನ್ನು ಕರೆಸಿದೆ. ಅವಳು ಸೆರಗು ಹೊದ್ದುಕೊಂಡು, ಕೈ ಕಟ್ಟಿಕೊಂಡು, ಬಹಳ ಹೊತ್ತು ಮೇಲೆ ನೋಡಿದಳು.

"ಇದನ್ಯಾಕ ಗ್ವಾಡಿಗೆ ನೇತ ಹಾಕೀದಿ, ಯವ್ವಾ? ಬೀಜ ಎಲ್ಲಿ ಬೀಳಬೇಕು?"

ಬೈದದ್ದಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದು. ಮೂವತ್ತು ವರ್ಷ ಆ ಬಟ್ಟಲಿಗೆ ಬೀಜ ಬಿಟ್ಟ ಕೈ ಅವಳದು. ಆ ಕೈಗೆ ಬಟ್ಟಲು ಎಟುಕದಷ್ಟು ಮೇಲೆ ಇಟ್ಟಿದ್ದೆ. ಮಾಡಿದವನ ಹೆಸರು ಬರೆದ ಜಂಬದಲ್ಲಿ ಬಳಸಿದವಳನ್ನು ಕೈಬಿಟ್ಟಿದ್ದೆ. ಅವಳಿಗಾಗಿ ಅಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಅಂದಿನಿಂದ ನನಗೊಂದು ಅಳತೆಗೋಲು ಸಿಕ್ಕಿತು. ವಸ್ತುವನ್ನು ಎಂದೂ ನೋಡದವರಿಗೆ ಅದು ಚಂದ ಕಂಡರೆ ಸಾಲದು. ಅದನ್ನು ದಿನಾ ಬಳಸಿದವರು ಬಂದು ನಿಂತಾಗ ಅವರಿಗೆ ಅದು ತಮ್ಮದೆಂದು ಗುರುತು ಸಿಗಬೇಕು. ಎಷ್ಟೋ ಪ್ರದರ್ಶನಗಳು ಇಲ್ಲಿಯೇ ಸೋಲುತ್ತವೆ. ನೊಗಕ್ಕೆ ಎತ್ತಿನ ಎತ್ತರವಿಲ್ಲ, ಬೀಸುಕಲ್ಲಿಗೆ ಕೂರುವವಳ ಚಾಚಿದ ಕಾಲಿಗೆ ಜಾಗವಿಲ್ಲ. ಒಂದು ಕಡೆ ತೊಟ್ಟಿಲನ್ನು ಕೈಗೆ ಸಿಗದಂತೆ ಗಾಜಿನೊಳಗಿಟ್ಟಿದ್ದರು. ಬಂದ ಹೆಣ್ಣುಮಕ್ಕಳೆಲ್ಲ ತೂಗಲೆಂದು ಕೈ ಚಾಚಿ ಗಾಜು ಮುಟ್ಟಿ ಹಿಂದೆ ಸರಿಯುತ್ತಿದ್ದರು. ಗಾಜಿನ ಮೇಲೆ ಆ ಬೆರಳ ಗುರುತು ಒಂದೇ ಎತ್ತರದಲ್ಲಿ ಸಾಲಾಗಿತ್ತು. ಸಂಜೆ ಅದನ್ನು ಒರೆಸಿಬಿಡುತ್ತಿದ್ದರು.

ಸಣ್ಣ ಸಣ್ಣ ಅಳತೆಗಳ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ನನ್ನ ದಿನದ ಬಹುಪಾಲು ಕಳೆಯುವುದು ಅಲ್ಲಿಯೇ. ಫಲಕವನ್ನು ನೆಲದಿಂದ 150 ಸೆಂಟಿಮೀಟರಿಗೆ ಹಾಕುವುದು ವಾಡಿಕೆ. ಐದಡಿಯ ಹೆಣ್ಣುಮಗಳ ಕಣ್ಣು ಅದಕ್ಕಿಂತ ಕೆಳಗಿರುತ್ತದೆ, ಬೆನ್ನು ಬಾಗಿದವರದು ಇನ್ನೂ ಕೆಳಗೆ, ಮೂರನೇ ಇಯತ್ತೆ ಮಕ್ಕಳ ಮಾತಂತೂ ಬೇಡ. ನಾನು 125ಕ್ಕೆ ಇಳಿಸುತ್ತೇನೆ. ಎತ್ತರದವರು ತಲೆ ಬಗ್ಗಿಸಲಿ, ಅವರಿಗೆ ಅದು ಸಾಧ್ಯ. ಇನ್ನು ಕನ್ನಡದ ಸಾಲು. ಇಂಗ್ಲಿಷಿಗೆ ಹಾಕಿದ ಅಂತರವನ್ನೇ ಕನ್ನಡಕ್ಕೂ ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಕುತ್ತದೆ. ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಂತೆ ಕಾಣುತ್ತವೆ. ಅದಕ್ಕಿಂತ ಮುಖ್ಯ, ಬರಹವನ್ನು ಮೊದಲು ಕನ್ನಡದಲ್ಲಿ ಬರೆಯಬೇಕು. 'ಧಾನ್ಯ ಸಂಗ್ರಹಣಾ ಭೂಗತ ರಚನೆ' ಎಂಬ ಫಲಕ ಓದಿ ಒಬ್ಬ ಅಜ್ಜ ಮೊಮ್ಮಗನಿಗೆ "ಹಗೇವು ಅಂತ ಬರದಿದ್ರ ಆಗತಿರಲಿಲ್ಲೇನು?" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಬೆಳಕಿನ ಪಾಠ ನಾನು ಕಲಿತದ್ದು ತೊಗಲುಗೊಂಬೆಯಿಂದ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಕಲೆಯತ್ತ ಹೊರಗಿನವರ ಗಮನ ಹರಿದಿದೆ. ಹದ ಮಾಡಿದ ಆಡಿನ ತೊಗಲು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ದೀಪ ಹಿಂದಿದ್ದರೆ ರಾವಣನ ಕೆಂಪು ಉರಿಯುತ್ತದೆ. ಮುಂದಿನಿಂದ ಬೆಳಕು ಬಿಟ್ಟರೆ ಅದೇ ಗೊಂಬೆ ಒಣಗಿದ ಚರ್ಮದ ತುಂಡು. ಆದರೂ ಎಷ್ಟು ಕಡೆ ಅದನ್ನು ರಟ್ಟಿಗೆ ಅಂಟಿಸಿ, ಮುಂದೆ ದೀಪ ಹಾಕಿ ಕೂರಿಸಿದ್ದಾರೆ! ಬಣ್ಣ ಹಾಕಿದ ತೊಗಲಿಗೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೇಡ ಎನ್ನುವುದು ಸಂಗ್ರಹಾಲಯಗಳ ನಿಯಮ. ಹಿಂದಿನಿಂದ ಬರುವ ಮಂದ ಬೆಳಕು, ಅದೂ ಜನ ಮುಂದೆ ಬಂದಾಗ ಮಾತ್ರ ಹೊತ್ತಿಕೊಂಡರೆ, ತೊಗಲೂ ಉಳಿಯುತ್ತದೆ, ರಾವಣನೂ ಉಳಿಯುತ್ತಾನೆ.

ಕಿನ್ನಾಳದಲ್ಲಿ ನನ್ನ ಅಳತೆಗೋಲಿಗೇ ಪೆಟ್ಟು ಬಿತ್ತು. ಆ ಊರಿನ ಚಿತ್ರಗಾರರ ಗೊಂಬೆಗಳನ್ನು ನೀವೆಲ್ಲ ನೋಡಿರುತ್ತೀರಿ. ಹಗುರವಾದ ಪೊಳಕಿ ಕಟ್ಟಿಗೆಯ ಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿ ಮತ್ತು ಕಟ್ಟಿಗೆ ಹೊಟ್ಟನ್ನು ಅದೇ ಅಂಟಿನಲ್ಲಿ ಕಲಸಿ ಉಬ್ಬುತಗ್ಗು ತುಂಬುತ್ತಾರೆ. ಆಮೇಲೆ ಅರಿವೆ, ಬಿಳಿ ಲೇಪ, ಬಣ್ಣ. ರಾಯಚೂರಿನ ಕಲ್ಲು ತಲೆಯಲ್ಲಿ ಕೂತಿತ್ತಲ್ಲ, ಗೊಂಬೆ ಹುಟ್ಟಿದ್ದು ಹೇಗೆಂದು ತೋರಿಸಲು ಗರುಡನ ಆರು ಹಂತಗಳನ್ನು ಸಾಲಾಗಿ ಇಡೋಣ ಎಂದೆ. ಹಿರಿಯರೊಬ್ಬರು ಕೈಯಲ್ಲಿದ್ದ ಕುಂಚ ಪಕ್ಕಕ್ಕಿಟ್ಟರು.

"ಕಣ್ಣ ಬರೀದ ದೇವ್ರನ್ನ ಮಂದಿ ಮುಂದ ನಿಂದ್ರಸಬಾರದು, ತಂಗಿ. ನಿನ್ನ ಮಗಳ್ನ ಅರ್ಧ ಜಡಿ ಹಾಕಿ ಮದವಿಗೆ ಕರಕೊಂಡ ಹೋಗ್ತಿಯೇನು?"

"ಕಾಕಾರೆ, ಹೆಂಗ ಮಾಡ್ತಾರಂತ ಮಂದಿಗೆ ತಿಳೀಬೇಕಲ್ಲರೀ."

"ತಿಳೀಲಿ. ಆನಿ ಐತಿ, ಗಿಳಿ ಐತಿ. ಅವಕ್ಕ ಬ್ಯಾಸರಿಲ್ಲ."

ಆನೆಯ ಆರು ಹಂತ ಇಟ್ಟೆವು. ಗರುಡ ಪೂರ್ತಿಯಾಗಿಯೇ, ತನ್ನ ಕಣ್ಣು ತೆರೆದುಕೊಂಡೇ ಬಂದ. ಮಾಡುವ ಬಗೆಯನ್ನು ತೋರಿಸುವುದು ಒಳ್ಳೆಯದು ಎಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಎಷ್ಟನ್ನು ತೋರಿಸಬೇಕು ಎನ್ನುವುದನ್ನು ಹೇಳುವವರು ಮಾಡುವವರೇ. ಅಲ್ಲಿಯವರೆಗೆ ನಾನು ಅವರನ್ನು ಮಾಹಿತಿ ಕೇಳುತ್ತಿದ್ದೆ, ಅನುಮತಿ ಕೇಳುತ್ತಿರಲಿಲ್ಲ.

ಕೂರಿಗೆಗೆ ಎರಡನೇ ಅವಕಾಶ ಬಂದದ್ದು ಹೋದ ವರ್ಷ, ನಮ್ಮ ಕಡೆಯೇ, ಒಂದು ಶಾಲೆಯ ಕೊಠಡಿಯಲ್ಲಿ. ಈ ಸಲ ನೆಲದ ಮೇಲೆ ಮರದ ಚೌಕಟ್ಟಿನಲ್ಲಿ ಎರಿ ಮಣ್ಣು ತುಂಬಿ ಅದರಲ್ಲಿ ನಿಲ್ಲಿಸಿದೆ. ಪಕ್ಕದಲ್ಲಿ ಬುಟ್ಟಿ ತುಂಬ ಬಿಳಿಜೋಳ. ಬಂದವರು ಒಂದು ಮುಷ್ಟಿ ಹಾಕಬಹುದು. ಬೀಜ ಇಳಿಯುವುದು ಕಾಣಲಿ ಎಂದು ಅಪ್ಪನ ಬಿದಿರು ತೆಗೆದಿಟ್ಟು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಜೋಡಿಸಿದೆ. 1961ರಲ್ಲಿ ಈಮ್ಸ್ ದಂಪತಿ ಗಣಿತದ ಕುರಿತು ಮಾಡಿದ ಪ್ರದರ್ಶನದಲ್ಲಿ ಒಂದು ಯಂತ್ರವಿತ್ತು. ಸಾವಿರಾರು ಚಿಕ್ಕ ಗುಂಡುಗಳು ಮೊಳೆಗಳ ನಡುವೆ ಉದುರುತ್ತ ತಾವಾಗಿಯೇ ಗಂಟೆಯಾಕಾರದ ಗುಡ್ಡೆಯಾಗುವುದನ್ನು ಗಾಜಿನ ಹಿಂದೆ ನೋಡಬಹುದಿತ್ತು. ಅದರ ವಿಡಿಯೊ ನೋಡಿದಾಗಿನಿಂದ ಕೂರಿಗೆಯ ಸಮಪಾಲನ್ನು ಹಾಗೆಯೇ ತೋರಿಸುವ ಆಸೆ. ಆದರೆ ಪ್ಲಾಸ್ಟಿಕ್ಕಿನ ಒಳಮೈಗೆ ಜೋಳದ ಹೊಟ್ಟು ಅಂಟಿಕೊಂಡು ಎರಡೇ ದಿನಕ್ಕೆ ಮಬ್ಬಾಯಿತು, ಕಾಳು ಅಲ್ಲಲ್ಲಿ ಸಿಕ್ಕಿಕೊಂಡಿತು. ಮತ್ತೆ ಬಿದಿರಿಗೇ ಬಂದೆ. ಅಪ್ಪನ ಕೊಳವೆಗೆ ಕೈ ಹಚ್ಚದೆ, ಹೊಸ ಬಿದಿರು ತಂದು ಉದ್ದಕ್ಕೂ ಒಂದು ಸಣ್ಣ ಸೀಳು ಬಿಟ್ಟೆ, ಕಾಳು ಹೊರಗೆ ಬೀಳದಷ್ಟು, ಕಣ್ಣಿಗೆ ಕಾಣುವಷ್ಟು.

ಅವ್ವನಿಗೆ ಈಗ ಕಣ್ಣು ಮಂಜು. ಕುರ್ಚಿ ಹಾಕಿದ್ದೆ, ಕೂರಲಿಲ್ಲ. ಶಾಲೆಯ ಮಕ್ಕಳು ದಾರಿ ಬಿಟ್ಟರು. ಅವಳು ಬುಟ್ಟಿಗೆ ಕೈ ಹಾಕಿ ಜೋಳವನ್ನು ಮುಷ್ಟಿಯಲ್ಲಿ ತೂಗಿ ನೋಡಿ, ಬಟ್ಟಲಿನ ಅಂಚನ್ನು ಎಡಗೈಯಿಂದ ಹಿಡಿದು, ಬೆರಳ ಸಂದಿಯಿಂದ ಕಾಳು ಬಿಡತೊಡಗಿದಳು. ಸರ್ ಎಂದು ಸದ್ದು. ನಾನು ಸೀಳಿನಲ್ಲಿ ಕಾಳು ಇಳಿಯುವುದನ್ನೇ ನೋಡುತ್ತಿದ್ದೆ. ಅವಳು ಏನನ್ನೂ ನೋಡುತ್ತಿರಲಿಲ್ಲ, ತಲೆ ಒಂದು ಕಡೆ ವಾಲಿಸಿ ನಿಂತಿದ್ದಳು. ಅರ್ಧ ಮುಷ್ಟಿಗೆ ಕೈ ನಿಂತಿತು.

"ಆ ಕಡಿ ಕೊಳವಿ ಕಟ್ಟೇತಿ ನೋಡು."

ಬಗ್ಗಿ ನೋಡಿದೆ. ಹೌದು, ಮೂರನೇ ಕೊಳವೆಯ ಗಿಣ್ಣಿನ ಹತ್ತಿರ ಏನೋ ತಡೆದಿತ್ತು. ಒಂದು ತಂತಿ ಹುಡುಕಿ ತರಲು ಹೋದೆ. ನಾನು ಬರುವವರೆಗೂ ಅವಳು ಕಾಳನ್ನು ಮುಷ್ಟಿಯಲ್ಲಿಯೇ ಹಿಡಿದುಕೊಂಡು ನಿಂತಿದ್ದಳು.